ಜನ್ಮ ಜನ್ಮದ ಅನುಬಂಧ (ಚಲನಚಿತ್ರ)

‘ಜನ್ಮ ಜನ್ಮದ ಅನುಬಂಧ’ 1980ರಲ್ಲಿ ತೆರೆಕಂಡ ಕನ್ನಡ ಚಲನಚಿತ್ರ. ಶಂಕರ್ ನಾಗ್ ನಿರ್ದೇಶಿಸಿದ ಈ ಚಿತ್ರದಲ್ಲಿ ಅನಂತ್ ನಾಗ್, ಜಯಂತಿ ಮುಂತಾದವರು ಅಭಿನಯಿಸಿದ್ದಾರೆ. ಸಂಗೀತ ಇಳಯರಾಜ ಅವರದು.

ವಸ್ತು

ಪುನರ್ಜನ್ಮ ಈ ಚಿತ್ರದ ವಸ್ತು. ರಹಸ್ಯ ಮತ್ತು ಪ್ರೇಮ ಇಲ್ಲಿ ಒಟ್ಟಿಗೆ ಸಾಗುತ್ತವೆ. ಜನ್ಮಾಂತರದ ನಂಟು ಸಾಮಾನ್ಯವಾಗಿ ಪ್ರೇಮಿಗಳಿಗೆ ಭರವಸೆಯ ಮಾತು. ಆದರೆ ಒಲವು ಸಾವನ್ನು ದಾಟಿ ಬರುವುದಾದರೆ ಹಿಂದಿನ ಬಾಳಿನ ನೋವೂ ತೀರದ ಋಣವಾಗಿ ಹಿಂಬಾಲಿಸಬಹುದು. ಹಾಗಾದಾಗ ಮನುಷ್ಯನ ಈಗಿನ ಬದುಕು ಎಷ್ಟರಮಟ್ಟಿಗೆ ಅವನದೇ ಎಂಬ ಪ್ರಶ್ನೆ ಏಳುತ್ತದೆ. ನೋಡುಗರ ಮನಸ್ಸನ್ನು ಕಲಕುವುದು ಈ ಪ್ರಶ್ನೆಯೇ.

ಸ್ಥಾನ

ಶಂಕರ್ ನಾಗ್ ಅವರ ಹೆಸರಿನೊಡನೆ ಅದೇ ವರ್ಷದ ‘ಮಿಂಚಿನ ಓಟ’, ‘ಆಟೋ ರಾಜ’ ಹಾಗೂ ಮುಂದೆ ಬಂದ ‘ಮಾಲ್ಗುಡಿ ಡೇಸ್’ ಮೊದಲು ನೆನಪಾಗುತ್ತವೆ. ಈ ಚಿತ್ರಕ್ಕಿಂತ ಇದರಲ್ಲಿ ಎಸ್. ಜಾನಕಿ ಹಾಡಿರುವ ಗೀತೆಯೇ ಕೇಳುಗರಿಗೆ ಹೆಚ್ಚು ಪರಿಚಿತ.