ಕೊಚ್ಚಿಗೆ ಮೆಟ್ರೋ ಬಂದಾಗ

ಕಾಸರಗೋಡಿನಿಂದ ರಾತ್ರಿಯ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಆಲುವ ಸಿಗುತ್ತದೆ. ಅಲ್ಲಿ ಪೇಟೆಯ ನಡುವೆ ತಲೆಯೆತ್ತಿ ನೋಡಿದರೆ ಸಾಲಾಗಿ ನಿಂತ ಕಾಂಕ್ರೀಟು ಕಂಬಗಳು, ಅವುಗಳ ಮೇಲೊಂದು ರೈಲುದಾರಿ. ಇದೇ ಕೊಚ್ಚಿ ಮೆಟ್ರೋ. 2017ರ ಜೂನ್ 17ರಂದು ಪ್ರಧಾನಿ ನರೇಂದ್ರ ಮೋದಿಯವರು ಇದನ್ನು ಉದ್ಘಾಟಿಸಿದರು. 19ರಂದು ಸಾರ್ವಜನಿಕರ ಓಡಾಟ ಪ್ರಾರಂಭವಾಯಿತು. ಆಗ ಇದ್ದದ್ದು ಪಾಲಾರಿವಟ್ಟದವರೆಗೆ 13 ಕಿಲೋಮೀಟರು, 11 ನಿಲ್ದಾಣಗಳು. 2024ರ ಮಾರ್ಚಿನಲ್ಲಿ ಅದು ತೃಪ್ಪೂಣಿತ್ತುರವನ್ನು ಮುಟ್ಟಿದೆ.

ನಮ್ಮೂರಿನ ಮೂಲಕ ಹೋಗುವ ರೈಲಿಗೂ ಇದಕ್ಕೂ ವ್ಯತ್ಯಾಸವುಂಟು. ಇದಕ್ಕೆ ಬರೇ ಮೂರು ಡಬ್ಬಿಗಳು. ನಿಂತವರೂ ಕುಳಿತವರೂ ಸೇರಿ 975 ಮಂದಿ ಹಿಡಿಯುತ್ತಾರೆ. ತಲೆಯ ಮೇಲೆ ವಿದ್ಯುತ್ ತಂತಿ ಇಲ್ಲ. ಹಳಿಗಳ ಪಕ್ಕದಲ್ಲೇ ಹಾಸಿದ ಮೂರನೆಯ ಹಳಿಯೊಂದರಲ್ಲಿ 750 ವೋಲ್ಟಿನ ವಿದ್ಯುತ್ ಹರಿಯುತ್ತದೆ. ಆದುದರಿಂದ ಇಲ್ಲಿಯಂತೆ ಹಳಿ ದಾಟಿ ಅಡ್ಡದಾರಿ ಹಿಡಿಯುವ ಅಭ್ಯಾಸ ಅಲ್ಲಿ ನಡೆಯದು.

ಹೊಸ ರೈಲನ್ನು ಜನ ಹೇಗೆ ಬರಮಾಡಿಕೊಂಡರು ಎಂಬುದು ನನಗೆ ಯಂತ್ರಕ್ಕಿಂತ ಕುತೂಹಲದ ವಿಷಯ. ಮೊದಲ ಗಲಾಟೆ ಉದ್ಘಾಟನೆಗೆ ಮುಂಚೆಯೇ ಎದ್ದಿತು. ವೇದಿಕೆಯಲ್ಲಿ ಕೂರುವವರ ಮೊದಲ ಪಟ್ಟಿಯಲ್ಲಿ ಇ. ಶ್ರೀಧರನ್ ಅವರ ಹೆಸರಿರಲಿಲ್ಲ. ಮಂಗಳೂರಿನಿಂದ ಮುಂಬಯಿಗೆ ಹತ್ತಿರದ ದಾರಿ ಮಾಡಿಕೊಟ್ಟ ಕೊಂಕಣ ರೈಲ್ವೆಯ ರೂವಾರಿ ಇವರೇ; ಕೊಚ್ಚಿಯ ಕಾಮಗಾರಿಯ ಮಾರ್ಗದರ್ಶಕರೂ ಇವರೇ. ಜನ ಸುಮ್ಮನಿರಲಿಲ್ಲ. ಪಟ್ಟಿ ತಿದ್ದುಪಡಿಯಾಯಿತು. ಸಮಾರಂಭದಲ್ಲಿ ಅವರ ಹೆಸರು ಹೇಳಿದಾಗ ಬಿದ್ದ ಚಪ್ಪಾಳೆ ದೊಡ್ಡದು.

ಆರಂಭದ ದಿನಗಳಲ್ಲಿ ಕೆಲಸಕ್ಕೆ ಹೋಗುವವರಿಗಿಂತ ನೋಡಲು ಬಂದವರ ನೂಕುನುಗ್ಗಲೇ ಕಂಡಿತು. ಟಿಕೇಟು ಕನಿಷ್ಠ 10 ರೂಪಾಯಿ, ಆಲುವದಿಂದ ಪಾಲಾರಿವಟ್ಟಕ್ಕೆ 40. ಬಸ್ಸಿನ ದರ ತಿಳಿದವರು ಇದು ದುಬಾರಿ ಎಂದರು. ಅದೇ ವರ್ಷ ಬೆಂಗಳೂರಿನ 'ನಮ್ಮ ಮೆಟ್ರೋ'ದಲ್ಲಿ ಹಿಂದಿ ಫಲಕಗಳ ವಿರುದ್ಧ ಕನ್ನಡಿಗರು ದನಿಯೆತ್ತಿದ್ದರು. ಫಲಕದ ಭಾಷೆಗಾಗಿ ಅರ್ಜಿ ಬರೆದು ಬರೆದು ಪಳಗಿದ ನಮಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಎಲ್ಲರೂ ಹೊಗಳಿದ ಸಂಗತಿಯೊಂದಿತ್ತು. ನಾವು ಮಂಗಳಮುಖಿಯರು ಎಂದು ಕರೆಯುವವರಲ್ಲಿ 20ಕ್ಕೂ ಹೆಚ್ಚು ಮಂದಿಗೆ ತರಬೇತಿ ಕೊಟ್ಟು, ಟಿಕೇಟು ಕೊಡುವುದೇ ಮೊದಲಾದ ಕೆಲಸಗಳಿಗೆ ಆರಿಸಿಕೊಂಡಿದ್ದರು. ಪತ್ರಿಕೆಗಳು ಕೊಂಡಾಡಿದವು. ಆದರೆ ವಾರ ಕಳೆಯುವುದರೊಳಗೆ ಅವರಲ್ಲಿ ಕೆಲವರು ಕೆಲಸ ಬಿಟ್ಟರು. ಕಾರಣ ಬಹಳ ಸರಳ: ಊರಲ್ಲಿ ಅವರಿಗೆ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಲಾಡ್ಜಿನಲ್ಲಿ ದಿನದ ಬಾಡಿಗೆ ತೆತ್ತರೆ ತಿಂಗಳ ಸಂಬಳ ಸಾಲದು. ಟಿಕೇಟಿನ ಕಿಟಕಿಯಲ್ಲಿ ನಗುತ್ತಾ ಚಿಲ್ಲರೆ ತೆಗೆದುಕೊಂಡ ಊರೇ ಸಂಜೆ ಬಾಗಿಲು ಹಾಕಿತು. ರೈಲು ಕಂಪೆನಿ ಉದ್ಯೋಗ ಕೊಡಬಹುದು, ನೆರೆಕರೆಯನ್ನು ಕೊಡಲಾರದು.

ಇನ್ನೊಂದು ಘಟನೆಯನ್ನು ಮೊಬೈಲು ಹಿಡಿದ ನೀವೆಲ್ಲ ತಿಳಿದಿರಬೇಕು. ಮೆಟ್ರೋ ಆರಂಭವಾದ ಹೊಸತರಲ್ಲೇ ಒಬ್ಬಾತ ಸೀಟಿನ ಮೇಲೆ ಒರಗಿ ನಿದ್ದೆ ಹೋಗಿದ್ದ. ಯಾರೋ ಪಟ ತೆಗೆದರು. ಕುಡಿದು ಬಿದ್ದವನೆಂದು ಬರೆದು ಹರಡಿದರು. ಮೆಟ್ರೋ ಹತ್ತುವ ಯೋಗ್ಯತೆ ಇಲ್ಲದವರ ಬಗ್ಗೆ ಸಾವಿರಾರು ಮಂದಿ ಪಾಠ ಹೇಳಿದರು. ನಿಜದಲ್ಲಿ ಆತ ಕಿವಿ ಕೇಳಿಸದ, ಮಾತು ಬಾರದ ಮನುಷ್ಯ. ಆಸ್ಪತ್ರೆಯಲ್ಲಿ ತೀರಾ ಅಸ್ವಸ್ಥನಾಗಿದ್ದ ತಮ್ಮನನ್ನು ನೋಡಿ, ದಣಿದು ಮನೆಗೆ ಹೊರಟಿದ್ದ. ತಾನು ಕುಡಿದಿರಲಿಲ್ಲವೆಂದು ಕೂಗಿ ಹೇಳಲಿಕ್ಕೂ ಆತನಿಂದಾಗದು. ವಿಷಯ ತಿಳಿದ ಮೇಲೆ ಅದೇ ಮೊಬೈಲುಗಳಲ್ಲಿ ಅನುಕಂಪ ಉಕ್ಕಿತು. ಅಷ್ಟರಲ್ಲಿ ಆತನ ಮುಖ ಕೇರಳಕ್ಕೆಲ್ಲ ಪರಿಚಯವಾಗಿತ್ತು.

ಈ ಘಟನೆಯನ್ನು ಆಧರಿಸಿ 2019ರಲ್ಲಿ 'ವಿಕೃತಿ' ಎಂಬ ಮಲಯಾಳ ಚಲನಚಿತ್ರ ಬಂತು. ಸುರಾಜ್ ವೆಂಞಾರಮೂಡು ಮಾತು ಬಾರದವನ ಪಾತ್ರ ವಹಿಸಿದ್ದಾರೆ. ಪಟ ತೆಗೆದವನ ಪಾತ್ರ ಸೌಬಿನ್ ಶಾಹಿರ್ ಅವರದು. ಅವನ ಭಯವನ್ನೂ ಚಿತ್ರ ಅಷ್ಟೇ ಗಮನವಿಟ್ಟು ತೋರಿಸುತ್ತದೆ. ಮಲಯಾಳ ನಿಮಗೆಲ್ಲ ಅರ್ಥವಾಗುತ್ತದೆ. ಸಿಕ್ಕಿದರೆ ಮನೆಯವರ ಜೊತೆ ಕುಳಿತು ನೋಡಿ.