ಹಾಡು ಎರಡು ಪಟ್ಟು ವೇಗ, ನಡಿಗೆ ನಿಧಾನ

ಹಾಡಿನ ವಿಡಿಯೋ ಒಂದರ ದೃಶ್ಯ: ಪಣಜಿಯ ಫೊಂಟೈನ್ಹಾಸ್ ಓಣಿ. ಕಾಲೇಜು ಹುಡುಗಿ ಹಾಡುತ್ತಾ ತೇಲಿದಂತೆ ಬರುತ್ತಾಳೆ. ಸುತ್ತಲಿನದೆಲ್ಲ ನಿಧಾನ, ತುಟಿ ಮಾತ್ರ ತಾಳಕ್ಕೆ ಸರಿಯಾಗಿ. ಹೇಗೆ?

ಶೂಟಿಂಗ್ ವೇಳೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ. ಅವಳು ಅದೇ ವೇಗಕ್ಕೆ ತುಟಿ ಆಡಿಸಲಿ. ಕ್ಯಾಮೆರಾ ಸೆಕೆಂಡಿಗೆ 50 ಫ್ರೇಮ್ ಹಿಡಿಯಲಿ. ಎಡಿಟಿಂಗ್‌ನಲ್ಲಿ 25ಕ್ಕೆ ಇಳಿಸಿ, ಮೂಲ ಹಾಡು ಕೂಡಿಸಿ. ಕೂದಲು ಮೆಲ್ಲಗೆ ಹಾರುತ್ತದೆ, ತುಟಿ ಪಕ್ಕಾ! ನನಗಿದು ಇಂದಿಗೂ ಜಾದೂ.

ಆದರೆ ಆ ಓಣಿಯ ಬಣ್ಣದ ಮನೆಗಳಲ್ಲಿ ಜನ ವಾಸವಿದ್ದಾರೆ. ಮೆಟ್ಟಿಲು ಹತ್ತುವ ಮೊದಲು ಕೇಳಿ, ಸ್ಪೀಕರ್ ಸದ್ದು ತಗ್ಗಿಸಿ.

ವಿಡಿಯೋದ ಪೋಸ್ಟರಿಗೆ ಯಾವ ಬಣ್ಣ? ಅಲ್ಲಿನ ಗೋಡೆಯ ಅಜುಲೇಜು ಟೈಲ್ಸ್ ನೋಡಿ: ಬಿಳಿಯ ಮೇಲೆ ನೀಲಿ. ಮೊಬೈಲಿನಲ್ಲಿ ಪೋಸ್ಟರ್ ಹೆಬ್ಬೆರಳಗಲ ಅಷ್ಟೇ. ಒಂದು ಮುಖ, ದಪ್ಪಕ್ಷರದ ಹೆಸರು ಸಾಕು. ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡರಂತೆ ಇಡೀ ಊರನ್ನೇ ತುಂಬುವ ಆಸೆಯೇ? ಅದನ್ನು ಕಾಲೇಜಿನ ಗೋಡೆಗೆ ಅಂಟಿಸುವ ದೊಡ್ಡ ಪೋಸ್ಟರಿಗೆ ಎತ್ತಿಡಿ.