ಹಾಳೆಯಲ್ಲಿ ಉಳಿದ ಗೆರೆ

ಬೋಧನಾಭ್ಯಾಸಕ್ಕೆಂದು ಮಾಯಕೊಂಡದ ಶಾಲೆಯೊಂದಕ್ಕೆ ಹೋಗಿದ್ದೆ. ಎಂಟನೇ ತರಗತಿಗೆ ನನ್ನ ಪಾಠ: ಪುರಾಣ ಪ್ರಸಂಗದ ಪೆನ್ಸಿಲ್ ಕರಡು. ಹತ್ತು ನಿಮಿಷದಲ್ಲಿ ಅರ್ಧ ತರಗತಿಯ ಕೈಗೆ ರಬ್ಬರು ಬಂದಿತ್ತು. ಗರುಡನ ರೆಕ್ಕೆಯನ್ನು ಅಳಿಸಿ ಅಳಿಸಿ ಒಬ್ಬ ಹುಡುಗಿಯ ಹಾಳೆ ಹರಿದೇಹೋಯಿತು. ತಪ್ಪು ನನ್ನದು, ‘ನೀಟಾಗಿ ಬರೆಯಿರಿ’ ಎಂದಿದ್ದೆ.

ಮುಂದಿನ ಪಾಠವನ್ನು ಇಂಗ್ಲೆಂಡಿನ ಚಿತ್ರಕಾರ ಎಡ್ವರ್ಡ್ ಬರ್ನ್-ಜೋನ್ಸ್ (1833–1898) ಅವರಿಂದ ಆರಂಭಿಸಿದೆ. ಮೆಡೂಸಾಳನ್ನು ಕೊಂದ ಗ್ರೀಕ್ ವೀರ ಪರ್ಸಿಯಸ್‌ನ ಚಿತ್ರಮಾಲೆಯನ್ನು ಅವರು 1875ರಲ್ಲಿ ಕೈಗೆತ್ತಿಕೊಂಡರು. ಬಣ್ಣಕ್ಕೆ ಮೊದಲು ಭಂಗಿ, ತಲೆ, ಬಟ್ಟೆಯ ಮಡಿಕೆಗಳನ್ನು ಬಿಡಿಬಿಡಿಯಾಗಿ ಬರೆದು ನೋಡುತ್ತಿದ್ದರು. ಮಾಲೆ ಕೊನೆಗೂ ಪೂರ್ಣವಾಗಲಿಲ್ಲ. ಅದರ ಪೂರ್ಣ ಅಳತೆಯ ಕರಡುಗಳು ಇಂದು ಸೌತಾಂಪ್ಟನ್ ನಗರದ ಕಲಾ ಗ್ಯಾಲರಿಯಲ್ಲಿವೆ. ಮೈಸೂರು ಶೈಲಿಯ ನಮ್ಮ ಚಿತ್ರಗಾರರೂ ಹುಣಸೆ ಕಡ್ಡಿಯ ಇದ್ದಿಲಿನಿಂದಲೇ ಮೊದಲ ಗೆರೆ ಎಳೆಯುತ್ತಿದ್ದರು ಎಂದಾಗ ಮಕ್ಕಳ ಮುಖ ಅರಳಿತು. ಹುಣಸೆ ಮರ ಅವರಿಗೆ ಗೊತ್ತಿದ್ದದ್ದು.

ಆಮೇಲೆ ರಬ್ಬರು ಚೀಲ ಸೇರಿತು. ಮೊದಲ ಹಾಳೆಯಲ್ಲಿ ಇಡೀ ಭಂಗಿ, ಎರಡನೆಯದರಲ್ಲಿ ಕಷ್ಟವೆನಿಸಿದ ಒಂದೇ ಭಾಗ, ಮೂರನೆಯದರಲ್ಲಿ ಜೋಡಣೆ. ಗೆರೆ ಸರಿಬರದಿದ್ದರೆ ಪಕ್ಕದಲ್ಲೇ ಇನ್ನೊಂದು.

ಆ ಹುಡುಗಿ ರೆಕ್ಕೆಯನ್ನು ನಾಲ್ಕು ಸಲ ಬರೆದಳು. ಮೊದಲ ಮೂರರಲ್ಲಿ ಅದು ಮೊಣಕೈಗೆ ನೇತುಬಿದ್ದಿತ್ತು. ನಾಲ್ಕನೆಯದರಲ್ಲಿ ಭುಜದಿಂದ ಎದ್ದಿತು. ಅವಳು ಎಲ್ಲಿ ಎಡವುತ್ತಿದ್ದಳು, ಯಾವಾಗ ಅರಿತಳು ಎಂಬುದು ನನಗೆ ಕಂಡದ್ದು ಆ ಮೂರು ತಪ್ಪು ರೆಕ್ಕೆಗಳಿಂದ. ಅಳಿಸಿದ ಹಾಳೆಯಲ್ಲಿ ಮೌಲ್ಯಮಾಪನಕ್ಕೆ ಫಲಿತಾಂಶ ಸಿಗುತ್ತದೆ, ಕಲಿಕೆ ಸಿಗುವುದಿಲ್ಲ.

ಈಗ ನನ್ನ ಪಾಠಯೋಜನೆಯಲ್ಲೂ ಹೊಡೆದುಹಾಕಿದ ಸಾಲುಗಳನ್ನು ಹಾಗೇ ಬಿಟ್ಟು ಮಾರ್ಗದರ್ಶಕರಿಗೆ ಒಪ್ಪಿಸುತ್ತೇನೆ.